ಡಬ್ಬದ ಮೇಲಿನ ಅಕ್ಕಯ್ಯಮ್ಮ

ಮಲ್ಲತ್ತಹಳ್ಳಿ ಕೆರೆಯ ಹಿಂದಿನ ರಸ್ತೆಯಲ್ಲಿ ಹನುಮಂತಯ್ಯನ ಮನೆ ಯಾವುದು ಅಂತ ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. ಬತ್ತಿ ಮನೆ ಅಂದರೆ ಮಕ್ಕಳೂ ಕೈ ಹಿಡಿದು ಬಿಟ್ಟು ಬರುತ್ತಿದ್ದರು. ಕೆಳಗೆ ಕಾರು ನಿಲ್ಲಿಸುವ ಜಾಗಕ್ಕೆ ಷಟರ್ ಹಾಕಿಸಿ ಗೋಡೌನ್ ಮಾಡಿದ್ದರು. ಒಳಗೆ ರಟ್ಟಿನ ಡಬ್ಬಗಳು ಸೂರು ಮುಟ್ಟುತ್ತಿದ್ದವು. ಪ್ರತಿ ಡಬ್ಬದ ಮೇಲೂ ಹನುಮಂತಯ್ಯನ ಹೆಂಡತಿ ಅಕ್ಕಯ್ಯಮ್ಮ ನಗುತ್ತಿದ್ದಳು. ಹಣೆಗೆ ಕಾಸಗಲ ಕುಂಕುಮ, ಎರಡೂ ಕಡೆ ಮೂಗುತಿ, ತಲೆಯಲ್ಲಿ ಕನಕಾಂಬರ.

ಶುರುವಾಗಿದ್ದು ಹೂಬತ್ತಿಯಿಂದ. ಲಾಕ್‌ಡೌನಿನಲ್ಲಿ ಮಗ ಮೋಹನ್ ಕುಮಾರನಿಗೆ ಪೀಣ್ಯದ ಕೆಲಸ ಹೋಗಿತ್ತು. ಅತ್ತೆ ಬೆರಳ ತುದಿಗೆ ಹಾಲು ಅದ್ದಿಕೊಂಡು ಹತ್ತಿ ಹೊಸೆಯುವುದನ್ನು ಸೊಸೆ ಕಲಾ ಫೋನಿನಲ್ಲಿ ವಿಡಿಯೋ ಹಿಡಿದು ನೆಟ್ಟಿಗೆ ಹಾಕಿದಳು. ಜನ ಕೇಳಿದರು, ಇವರು ಕಳಿಸಿದರು. ಬತ್ತಿಗೆ ಎಣ್ಣೆ ಬೇಕಲ್ಲ ಅಂತ ದೀಪದ ಎಣ್ಣೆ ಬಂತು. ಎಣ್ಣೆಗೆ ದೀಪ ಬೇಕಲ್ಲ ಅಂತ ಹಿತ್ತಾಳೆ ದೀಪ ಬಂತು. ಆಮೇಲೆ ಅರಿಶಿನ, ಕುಂಕುಮ, ಗೆಜ್ಜೆವಸ್ತ್ರ, ವರಮಹಾಲಕ್ಷ್ಮಿಯ ಮುಖವಾಡ, ಅದಕ್ಕೆ ಉಡಿಸುವ ಪುಟ್ಟ ಸೀರೆ. ಬತ್ತಿಯನ್ನು ಈಗ ಮಷಿನ್ನಿನವರು ಮೂಟೆಯಲ್ಲಿ ತಂದು ಹಾಕುತ್ತಿದ್ದರು. ಅಕ್ಕಯ್ಯಮ್ಮ ಹೊಸೆದದ್ದು ಅವಳ ದೇವರ ಗೂಡಿಗೆ ಮಾತ್ರ.

ಈ ವರ್ಷ ಕಲಾ ಮೊರದ ಬಾಗಿನಕ್ಕೆ ಕೈ ಹಾಕಿದಳು. ಗೌರಿ ಹಬ್ಬಕ್ಕೆ ಮುತ್ತೈದೆಯರು ಒಬ್ಬರಿಗೊಬ್ಬರು ಕೊಡುವ ಬಾಗಿನ. ಜೋಡಿ ಮೊರ, ಹಸಿರು ಬಳೆ, ಕರಿಮಣಿ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಬೇಳೆ, ಬೆಲ್ಲದಚ್ಚು ಎಲ್ಲ ಒಂದೇ ಡಬ್ಬದಲ್ಲಿ.

"ಬತ್ತಿ ಮಾರೋಕ್ ಹೋಗಿ ಬಳೆಗೆ ಬಂದವ್ರೆ," ಅಂದ ಹನುಮಂತಯ್ಯ, ರಾತ್ರಿ ಊಟಕ್ಕೆ ಕೂತಾಗ. "ಮುಂದಿನ್ ವರ್ಷ ಗಂಡು ಹೆಣ್ಣು ಇಬ್ರುನ್ನೂ ಒಂದೇ ಡಬ್ಬಕ್ಕೆ ತುಂಬಿ ಮದ್ವೆ ಸೆಟ್ಟು ಅಂತ ಕಳಿಸ್ತಾರೆ."

ಪಿಯುಸಿ ಓದುವ ಮೊಮ್ಮಗಳು ಸ್ಮೃತಿ ಬಾಯಲ್ಲಿದ್ದ ಅನ್ನ ನುಂಗಿ ನಕ್ಕಳು. "ಇಷ್ಟ ಆಗ್ದಿದ್ರೆ ರಿಟರ್ನ್ ಇರುತ್ತಾ ತಾತ?"

"ಇದ್ದಿದ್ರೆ ನಿಮ್ಮಜ್ಜಿ ಅವತ್ತೇ ನನ್ನ ವಾಪಸ್ ಕಳಿಸೋಳು."

"ಈಗ್ಲೂ ತಡ ಆಗಿಲ್ಲ, ತಿನ್ನಿ ಸುಮ್ನೆ," ಅಂದಳು ಅಕ್ಕಯ್ಯಮ್ಮ, ಸಾರು ಬಡಿಸುತ್ತ.

ಮೋಹನ್ ನಗಲಿಲ್ಲ. ಅವನು ಎಡಗೈಯಲ್ಲಿ ಫೋನು ನೋಡುತ್ತ ಬಲಗೈಯಲ್ಲಿ ಉಣ್ಣುತ್ತಿದ್ದ. ಸಾಲ ತಂದು ಮೊರ ತುಂಬಿಸಿದ್ದ. ಹಬ್ಬದ ಮಾರನೆಯ ದಿನ ಆ ಮೊರಗಳು ಒಲೆಗೆ ಹಾಕುವುದಕ್ಕೂ ದಂಡ ಅನ್ನುವುದು ಅವನಿಗೆ ಗೊತ್ತಿತ್ತು.

ವರಮಹಾಲಕ್ಷ್ಮಿ ಹಬ್ಬ ಕಳೆದ ಮರುವಾರ, ಮಧ್ಯಾಹ್ನ, ಹನುಮಂತಯ್ಯ ಅರ್ಧ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೆಳಗೆ ಇಳಿದು ಬಂದ. ಎದೆ ಉಜ್ಜಿಕೊಳ್ಳುತ್ತಿದ್ದ.

"ಎದೆ ಉರೀತಾ ಅದೆ ಕಣೋ ಮೋಹನ. ಕಾರ್ ತೆಗಿ, ಒಂದ್ಸಲ ತೋರಿಸ್ಕೊಂಡ್ ಬರಾಣ."

ಮೋಹನನ ಕೈಯಲ್ಲಿ ಟೇಪು. ಸುತ್ತ ಡಬ್ಬ. "ಬಸ್ಸಾರಿನ ಖಾರಕ್ಕೆ ಗ್ಯಾಸ್ ಆಗಿರುತ್ತೆ ಅಪ್ಪ. ಕೊರಿಯರ್ ಪಿಕಪ್ ವ್ಯಾನ್ ಬರೋ ಹೊತ್ತು. ಅದು ಹೋದ ತಕ್ಷಣ ಹೋಗೋಣ."

"ನಾನ್ ಆಟೋ ಕರಿತೀನಿ," ಅಂದಳು ಅಕ್ಕಯ್ಯಮ್ಮ, ಹಿಂದೆಯೇ ಇಳಿದು ಬಂದವಳು.

"ಗಾಬರಿ ಮಾಡ್ಬೇಡಿ ಅತ್ತೆ," ಅಂದಳು ಕಲಾ. "ಅರ್ಧ ಗಂಟೆ ಅಷ್ಟೆ. ಬಿಸಿನೀರಿಗೆ ಜೀರಿಗೆ ಹಾಕಿ ಕೊಡಿ. ಇವ್ರೇ ಕರ್ಕೊಂಡ್ ಹೋಗ್ತಾರೆ. ಆಟೋದಲ್ಲಿ ಕುಲುಕಾಡಿದ್ರೆ ಇನ್ನೂ ಜಾಸ್ತಿ ಆಗುತ್ತೆ."

ಅಕ್ಕಯ್ಯಮ್ಮ ಜೀರಿಗೆ ನೀರು ಕಾಯಿಸಲು ಮೇಲೆ ಹೋದಳು. ವ್ಯಾನು ಅವತ್ತು ತಡವಾಗಿ ಬಂತು. ಅದು ಹೋದ ಮೇಲೆ ಮೋಹನ್ ಕಾರಿನ ಕೀ ತಂದು, "ಏಳಪ್ಪ" ಅಂದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಡಬ್ಬಗಳಿಗೆ ಒರಗಿ ಕೂತಿದ್ದ ಹನುಮಂತಯ್ಯ ಏಳಲಿಲ್ಲ. ಲೋಟದ ಜೀರಿಗೆ ನೀರು ಹಾಗೇ ಇತ್ತು.

ಹನುಮಂತಯ್ಯನ ತಂಗಿ ಚಿಕ್ಕಗಂಗಮ್ಮ ಕೆಂಗೇರಿಯಿಂದ ಎದೆ ಬಡಿದುಕೊಂಡು ಬಂದಳು. ಅವಳೂ ಗಂಡನನ್ನು ಕಳೆದುಕೊಂಡವಳು, ಹನ್ನೊಂದನೆಯ ದಿನದ ತಿಥಿ ಮುಗಿಯುವ ತನಕ ಇಲ್ಲೇ ಇರುತ್ತೇನೆ ಅಂತ ಬಟ್ಟೆ ಚೀಲ ತಂದಿದ್ದಳು. ಹಳೆಯ ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದರು. ಕೈಕಾಲು ತೊಳೆದು ಮೇಲೆ ಹತ್ತುವಾಗ ಅಕ್ಕಯ್ಯಮ್ಮ ಮೆಟ್ಟಿಲ ಮೇಲೆ ನಿಂತಳು. ಷಟರ್ ಮೊಣಕಾಲೆತ್ತರಕ್ಕೆ ತೆರೆದಿತ್ತು. ಒಳಗಿನಿಂದ ಟೇಪು ಎಳೆಯುವ ಸದ್ದು ಬರುತ್ತಿತ್ತು. ಪ್ಯಾಕಿಂಗಿಗೆ ಬರುವ ಹುಡುಗಿಯರು ಕೆಲಸಕ್ಕೆ ಕೂತಿದ್ದರು.

ಮನೆಯಲ್ಲಿ ಸೂತಕದ ಊಟ. ಒಗ್ಗರಣೆಯಿಲ್ಲದ ಸಾರು, ಅನ್ನ. ತಟ್ಟೆಯ ಮುಂದೆ ಕೂತು ಅಕ್ಕಯ್ಯಮ್ಮ ಮಗನಿಗೆ ಹೇಳಿದಳು.

"ಹನ್ನೊಂದ್ ದಿನ ಷಟರ್ ಹಾಕೋ."

"ಏನಮ್ಮ?"

"ನಿಮ್ಮಪ್ಪ ಸತ್ತವ್ರೆ. ಹನ್ನೊಂದ್ ದಿನ ಅಂಗಡಿ ಮುಚ್ಚು ಅಂದೆ. ನಂಗೆ ಬೇರೆ ಏನೂ ಬೇಡ."

"ಗೌರಿ ಹಬ್ಬಕ್ಕೆ ಎಷ್ಟ್ ದಿನ ಇದೆ ಗೊತ್ತೇನಮ್ಮ ನಿಂಗೆ?"

ಚಿಕ್ಕಗಂಗಮ್ಮ ಬಾಯಿ ಹಾಕಿದಳು. "ಸೂತಕದ ಮನೆಯಿಂದ ಬಾಗಿನ ಹೋಗ್ಬೋದೇನೋ? ತಗೊಂಡ ಹೆಣ್ಮಕ್ಳು ಏನಂದಾರು?"

"ಅವ್ರಿಗೆ ಗೊತ್ತಾದ್ರೆ ತಾನೆ ಅನ್ನೋದು," ಅಂದ ಮೋಹನ್.

"ದೇವ್ರಿಗೆ ಗೊತ್ತಾಗಲ್ವಾ?"

"ದೇವ್ರು ಆರ್ಡರ್ ಹಾಕಿಲ್ಲ ಗಂಗತ್ತೆ."

ಕಲಾ ನೀರಿನ ಚೊಂಬು ಇಡುತ್ತ, ಜಗಳ ಬಿಡಿಸುವವಳ ಹಾಗೆ ಮೆತ್ತಗೆ ಹೇಳಿದಳು. "ಸೂತಕ ಮೇಲಿನ ಮನೆಗೆ ಅಲ್ವಾ ಗಂಗತ್ತೆ? ಕೆಳಗಿಂದು ಗೋಡೌನು. ಅದಕ್ಕೆ ಕರೆಂಟ್ ಮೀಟರೇ ಬೇರೆ, ಲೈಸೆನ್ಸೇ ಬೇರೆ. ನಾವು ಒಳಗಿನ ಮೆಟ್ಲಲ್ಲಿ ಇಳಿಯಲ್ಲ, ಸ್ನಾನ ಮಾಡ್ಕೊಂಡು ಹೊರಗಿಂದಾನೇ ಹೋಗ್ತೀವಿ."

"ಅಯ್ಯೋ ನನ್ ತಾಯಿ," ಅಂದಳು ಚಿಕ್ಕಗಂಗಮ್ಮ. "ಮೀಟ್ರು ನೋಡ್ಕೊಂಡ್ ಬರೋ ಸೂತಕಾನ ಇವತ್ತೇ ನೋಡಿದ್ದು."

ಸ್ಮೃತಿ ತಟ್ಟೆ ಎತ್ತಿಕೊಂಡು ಎದ್ದು ಹೋದಳು. ಷಟರ್ ಮುಚ್ಚಲಿಲ್ಲ. ನೆಂಟರು ಬಂದಾಗ ಇಳಿಸುತ್ತಿದ್ದರು, ಹೋದ ಮೇಲೆ ಎತ್ತುತ್ತಿದ್ದರು.

ಎರಡು ದಿನ ಕಳೆದು ಕಲಾ ರೇಷ್ಮೆ ಸೀರೆಯೊಂದನ್ನು ತೋಳಿನ ಮೇಲೆ ಹಾಕಿಕೊಂಡು ಅತ್ತೆಯ ಕೋಣೆಗೆ ಬಂದಳು. ಮೋಹನ್ ಬಾಗಿಲಲ್ಲಿ ನಿಂತ.

"ಅತ್ತೆ, ಒಂದೇ ಒಂದು ವಿಡಿಯೋ. ನೀವು ನಂಗೆ ಬಾಗಿನ ಕೊಟ್ಟು ಆಶೀರ್ವಾದ ಮಾಡೋ ಥರ. ಹಬ್ಬಕ್ಕೆ ಅಂತ ಮೊದ್ಲೇ ಅಂದ್ಕೊಂಡಿದ್ವಲ್ಲ."

ಅಕ್ಕಯ್ಯಮ್ಮ ಸೀರೆಯನ್ನೂ ನೋಡಿದಳು, ಸೊಸೆಯನ್ನೂ ನೋಡಿದಳು. "ನಿಂಗೆ ತಲೆ ನೆಟ್ಟಗಿದೆಯೇನೇ?"

"ಹನ್ನೊಂದನೇ ದಿನದ ತನಕ ನಿಮ್ ಕುಂಕುಮ ನಿಮ್ದೇ ಅಲ್ವಾ ಅತ್ತೆ? ಗಂಗತ್ತೆನೇ ಹೇಳಿದ್ರು. ತಿಥಿ ದಿನ ತಾನೆ ತೆಗೆಯೋದು. ಅದಾದ್ಮೇಲೆ ಮಾಡೋಕೆ ಆಗಲ್ಲ, ಅದಕ್ಕೇ ಇವತ್ತು."

ಆ ಪದ್ಧತಿ ಇದ್ದದ್ದು ನಿಜ. ಗಂಡ ಸತ್ತವಳಿಗೆ ಹತ್ತು ದಿನ ಅರಿಶಿನ ಕುಂಕುಮ ಹಾಗೇ ಬಿಟ್ಟಿರುತ್ತಾರೆ, ಹನ್ನೊಂದನೆಯ ದಿನ ಎಲ್ಲರ ಮುಂದೆ ಕಿತ್ತುಕೊಳ್ಳುತ್ತಾರೆ. ನಡುವಿನ ಆ ಹತ್ತು ದಿನ ಉಪಯೋಗಕ್ಕೆ ಬರುತ್ತದೆ ಅನ್ನುವುದು ಆ ಊರಿನ ಯಾವ ಸೊಸೆಗೂ ಅದುವರೆಗೆ ಹೊಳೆದಿರಲಿಲ್ಲ.

"ಆಗಲ್ಲ ಹೋಗು."

ಮೋಹನ್ ಒಳಗೆ ಬಂದು ಮಂಚದ ತುದಿಯಲ್ಲಿ ಕೂತ. ದನಿ ಇಳಿಸಿದ. "ಅಮ್ಮ, ಬಾಗಿನ ಹೋಗ್ದಿದ್ರೆ ಈ ಮನೆ ಪತ್ರ ಬ್ಯಾಂಕಿಗೆ ಹೋಗುತ್ತೆ. ಅಪ್ಪ ಕಟ್ಟಿಸಿದ ಮನೆ. ನಿನ್ ಮುಖ ನೋಡ್ಕೊಂಡೇ ಜನ ತಗೊಳ್ಳೋದು. ಬೇರೆ ಯಾರುನ್ನ ಕೂರಿಸ್ಲಿ ಹೇಳು?"

ಅಕ್ಕಯ್ಯಮ್ಮ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಕೂತ್ಕೋತೀನಿ. ಹನ್ನೊಂದ್ ದಿನ ನಿನ್ ಕೈಲಿ ಆಗ್ಲಿಲ್ಲ. ತಿಥಿ ದಿನ ಒಂದ್ ದಿನ ಷಟರ್ ಹಾಕ್ತೀಯಾ? ಒಂದು ಡಬ್ಬಾನೂ ಆಚೆ ಹೋಗ್ಬಾರ್ದು."

"ಹಾಕ್ತೀನಿ."

"ನಿಮ್ಮಪ್ಪನ ಮೇಲೆ ಆಣೆ ಇಡು."

"ಆಣೆ ಅಮ್ಮ," ಅಂದ ಮೋಹನ್.

ಮಲ್ಲಿಗೆ ಮುಡಿಸಿದರು. ಕುಂಕುಮವನ್ನು ಡಬ್ಬದ ಚಿತ್ರದಲ್ಲಿದ್ದಷ್ಟೇ ಅಗಲ ಇಟ್ಟರು. ಊದಿದ ಮುಖಕ್ಕೆ ಕಲಾ ಪೌಡರ್ ಒತ್ತಿದಳು. ಅತ್ತೆಯ ಮುಂದೆ ಸೆರಗೊಡ್ಡಿ ಕೂತಳು. ಸ್ಮೃತಿ ಫೋನು ಹಿಡಿಯಲು ಒಪ್ಪಲಿಲ್ಲ, ಮೋಹನನೇ ಹಿಡಿದ.

"ದೀರ್ಘ ಸುಮಂಗಲಿಯಾಗಿ ಬಾಳಮ್ಮ," ಅಂದಳು ಅಕ್ಕಯ್ಯಮ್ಮ, ಮೊರ ಚಾಚಿ.

"ಇನ್ನೊಂದ್ ಸಲ ಅತ್ತೆ. ಸ್ವಲ್ಪ ನಗು ಬರ್ಲಿ."

"ದೀರ್ಘ ಸುಮಂಗಲಿಯಾಗಿ ಬಾಳಮ್ಮ."

"ಮೊರ ಓರೆ ಆಯ್ತು. ಇನ್ನೊಂದೇ ಸಲ."

ಅದು ಸರಿ ಬಂತು. "ಹೂ ತೆಗೆದ್ಬಿಡಿ ಅತ್ತೆ, ಯಾರಾದ್ರೂ ಮಾತಾಡ್ಸೋಕೆ ಬಂದಾರು," ಅಂತ ಕಲಾ ಎದ್ದಳು. ಹೂ ತೆಗೆಯುವ ಮೊದಲೇ ಚಿಕ್ಕಗಂಗಮ್ಮ ಬಾಗಿಲಿಗೆ ಬಂದಿದ್ದಳು. ಮಗನನ್ನು, ಸೊಸೆಯನ್ನು ಅವಳು ಏನೂ ಕೇಳಲಿಲ್ಲ.

"ನಮ್ಮಣ್ಣನ ಮೇಲಿನ ಮಣ್ಣು ಇನ್ನೂ ಹಸಿ ಇದೆ. ಮಲ್ಲಿಗೆ ಮುಡ್ಕೊಂಡ್ ಕುಂತಿದೀಯಾ ಅತ್ತಿಗೆ? ಮುಡ್ಕೊ, ಮುಡ್ಕೊ. ಇನ್ನೆಷ್ಟ್ ದಿನ."

ಅಕ್ಕಯ್ಯಮ್ಮ ಜಡೆಯಿಂದ ಹೂ ಎಳೆದಳು. ಜೊತೆಗೆ ಕೂದಲೂ ಬಂತು.

ತಿಥಿಯ ದಿನ ಬೆಳಿಗ್ಗೆಯೇ ಶಾಮಿಯಾನದವರು ಬಂದರು. ಮನೆ ಮುಂದೆ ಗೂಟ ಹೊಡೆಯುತ್ತಿದ್ದವರನ್ನು ಮೋಹನ್ ತಡೆದು ಪಕ್ಕದ ಖಾಲಿ ಸೈಟಿಗೆ ಕಳಿಸಿದ.

"ಇಲ್ಲೇ ಹಾಕ್ಲಿ ಬಿಡೋ," ಅಂದಳು ಅಕ್ಕಯ್ಯಮ್ಮ ಮೇಲಿನಿಂದ. "ಆ ಸೈಟಲ್ಲಿ ಪಾರ್ಥೇನಿಯಂ ಬೆಳ್ದದೆ."

"ಜನ ಜಾಸ್ತಿ ಬರ್ತಾರೆ, ಇಲ್ಲಿ ಸಾಲಲ್ಲ ಅಮ್ಮ."

ಜನ ಬಂದರು. ಸೈಟಿನಲ್ಲಿ ಎಲೆ ಹಾಕಿದರು. ಮೊದಲ ಪಂಕ್ತಿ ಏಳುವ ಹೊತ್ತಿಗೆ ಪಿಕಪ್ ವ್ಯಾನು ಹಿಂದೆ ಹಿಂದೆ ಬಂದು ಷಟರ್ ಬಾಯಿಗೆ ನಿಂತಿತು. ಶಾಮಿಯಾನವನ್ನು ಯಾಕೆ ಸರಿಸಿದರು ಅಂತ ಅಕ್ಕಯ್ಯಮ್ಮನಿಗೆ ಆಗ ಗೊತ್ತಾಯಿತು. ಅವಳು ಕಿಟಕಿಯಿಂದ ನೋಡುತ್ತ ನಿಂತಳು. ಅವಳ ನಗುವ ಮುಖಗಳು ಒಂದರ ಮೇಲೊಂದು ವ್ಯಾನು ಹತ್ತಿದವು. ಊಟ ಮುಗಿಸಿ ಕೈ ತೊಳೆಯುತ್ತಿದ್ದವರಲ್ಲಿ ಇಬ್ಬರು ಗಂಡಸರು, ಭಾರ ಅಂತ, ಒಂದು ಕೈ ಕೊಟ್ಟರು.

"ಮೋಹನಾ," ಅಂತ ಕೂಗಿದಳು. "ಆಣೆ ಇಟ್ಟಿದ್ದೆಯಲ್ಲೋ."

ಮೋಹನ್ ತಲೆಯೆತ್ತಿ, ಜನರನ್ನು ನೋಡಿ, ಬೆರಳನ್ನು ತುಟಿಗೆ ಇಟ್ಟ. "ಆಮೇಲೆ ಮಾತಾಡೋಣ ಅಮ್ಮ. ಒಳಗೆ ಹೋಗು, ನಿನ್ನ ಕರೀತಾವ್ರೆ."

ಹಿತ್ತಲಿನ ತೊಟ್ಟಿಯ ಹತ್ತಿರ ಹೆಂಗಸರು ಸೇರಿದ್ದರು. ಕೊನೆಯ ಸಲ ತೊಡಿಸಿ ಒಡೆಯುವುದಕ್ಕೆ ಹೊಸ ಬಳೆ ಬೇಕಿತ್ತು. ಅದು ತವರಿನಿಂದ ಬರಬೇಕು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಕಲಾ ಕೆಳಗೆ ಹೋಗಿ ಒಂದು ಡಜನ್ ಹಸಿರು ಬಳೆ ತಂದಳು.

"ಇದ್ಯಾಕೆ, ಎರಡು ಬಿರುಕು ಬಿಟ್ಟಿದೆ?" ಅಂದಳು ಚಿಕ್ಕಗಂಗಮ್ಮ.

"ರಿಟರ್ನ್ ಬಂದಿದ್ದು. ಹೆಂಗೂ ಒಡೆಯೋಕೆ ತಾನೆ ಗಂಗತ್ತೆ."

ಅಕ್ಕಯ್ಯಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. "ಒಡೀಬೇಡ್ರೇ. ತೆಗೆದು ಇಡ್ತೀನಿ, ನಾನೇ ತೆಗೀತೀನಿ. ಎಲ್ರ ಮುಂದೆ ಬೇಡ."

"ನಂಗೆ ಮಾಡ್ಲಿಲ್ವಾ?" ಅಂದಳು ಚಿಕ್ಕಗಂಗಮ್ಮ. "ಅವತ್ತು ನನ್ ಕೈ ಹಿಡ್ಕೊಂಡಿದ್ದೋಳು ನೀನೇ ಅಲ್ವಾ ಅತ್ತಿಗೆ? ಗಟ್ಟಿಯಾಗೇ ಹಿಡ್ಕೊಂಡಿದ್ದೆ. ಕೊಡು ಕೈ."

ಇಬ್ಬರು ಹಿಡಿದುಕೊಂಡರು. ಬಿರುಕು ಬಿಟ್ಟ ಬಳೆ ಸುಲಭವಾಗಿ ಒಡೆಯಿತು, ಚರ್ಮಕ್ಕೂ ಹತ್ತಿತು. ಹಣೆಯನ್ನು ಒದ್ದೆ ಬಟ್ಟೆಯಲ್ಲಿ ತಿಕ್ಕಿದರು. ಎಷ್ಟೋ ವರ್ಷದ ಕುಂಕುಮ, ಕಪ್ಪಗೆ ಕಲೆ ಕೂತಿತ್ತು, ಹೋಗಲಿಲ್ಲ. ಇನ್ನೊಮ್ಮೆ ತಿಕ್ಕಿದರು.

ಗೌರಿ ಹಬ್ಬ ಆ ಮನೆಯಲ್ಲಿ ಇರಲಿಲ್ಲ. ಒಬ್ಬಟ್ಟಿನ ವಾಸನೆ ಎದುರು ಮನೆಯಿಂದ ಬರುತ್ತಿತ್ತು. ಅಕ್ಕಯ್ಯಮ್ಮ ಕೆಳಗಿಳಿದು ಬೀದಿ ಬಾಗಿಲ ಮುಂದೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಎದುರು ಮನೆಯ ಹೆಂಗಸು ಹೊಸ ಸೀರೆ ಉಟ್ಟು, ಬಾಗಿನದ ಡಬ್ಬ ಎದೆಗೊತ್ತಿಕೊಂಡು, ಎಲ್ಲಿಗೋ ಕೊಡಲು ಹೊರಟವಳು ಇವಳನ್ನು ಕಂಡು ನಿಂತಳು. ಒಳಗೆ ಹೋಗಿ, ಒಂದು ಗುಟುಕು ನೀರು ಕುಡಿದು, ಮುಖ ಆಚೆ ತಿರುಗಿಸಿಕೊಂಡು ಮತ್ತೆ ಹೊರಟಳು. ಡಬ್ಬದ ಮೇಲಿನ ಅಕ್ಕಯ್ಯಮ್ಮ ಬಾಗಿಲಲ್ಲಿ ಕೂತ ಅಕ್ಕಯ್ಯಮ್ಮನನ್ನು ನೋಡಿ ನಗುತ್ತ ಹೋದಳು.

"ಇನ್ಮೇಲೆ ಹಬ್ಬದ ದಿನ ಹಿತ್ತಲಲ್ಲಿ ಕೂತ್ಕೊಳ್ಳಿ ಅತ್ತೆ," ಅಂದಳು ಕಲಾ ಮಧ್ಯಾಹ್ನ. "ಜನ ಮಾತಾಡ್ತಾರೆ. ನಿಮಗೇ ಬೇಜಾರಾಗುತ್ತೆ."

ಮೊರಗಳೆಲ್ಲ ಖಾಲಿಯಾದವು. ಗೋಡೌನು ಒಂದು ವಾರ ಬಿಕೋ ಅಂತಿತ್ತು. ಆಮೇಲೆ ಟೆಂಪೊದಲ್ಲಿ ಪಂಚೆ, ಟವಲು, ಕರಿ ಎಳ್ಳು, ದರ್ಭೆ, ಸಾಂಬ್ರಾಣಿ, ಎಡೆ ಇಡುವ ಎಲೆ ಬಂತು. ಗೌರಿ ಹೋದ ಮೇಲೆ ಪಿತೃಪಕ್ಷ. ಸತ್ತ ಹಿರಿಯರಿಗೆ ಎಡೆ ಇಡುವ ಸಾಮಾನು, ಒಂದೇ ಡಬ್ಬದಲ್ಲಿ. ಬಾಗಿನ ಮಾರಿದ ಕಡೆಯೇ ಅದನ್ನು ಮಾರಬಾರದು ಅಂತ ಕಲಾ ಹೇಳಿದ್ದಳು. ಮೋಹನ್ ಕೇಳಲಿಲ್ಲ. "ಮದ್ವೆ ಆಗ್ದಿರೋ ಮನೆ ಇರುತ್ತೆ ಕಣೇ. ಸಾವಿಲ್ದಿರೋ ಮನೆ ಎಲ್ಲಿದೆ?"

ಒಂದು ಬೆಳಿಗ್ಗೆ ಅವನು ತಾಯಿಯ ಪಕ್ಕ ಬಂದು ಕೂತ. ಕಾಫಿಯನ್ನು ತಾನೇ ತಂದು ಕೊಟ್ಟ. ತಿಥಿ ಆದ ಮೇಲೆ ಅವನು ಅವಳ ಪಕ್ಕ ಕೂತದ್ದು ಅದೇ ಮೊದಲು.

"ಅಮ್ಮ, ಅಪ್ಪನ ಬಗ್ಗೆ ನಾಲ್ಕು ಮಾತು ಹೇಳ್ತೀಯಾ? ಫೋನಿಗೆ."

"ಯಾಕೆ?"

"ಜನಕ್ಕೆ ಗೊತ್ತಾಗ್ಲಿ. ಇಷ್ಟ್ ದಿನ ಹೇಳೇ ಇಲ್ವಲ್ಲ ನಾವು."

"ಏನ್ ಹೇಳ್ಲಿ?"

"ನಿಂಗೇನ್ ಅನ್ಸುತ್ತೋ ಅದು. ಯಾರೂ ಹೇಳ್ಕೊಡಲ್ಲ. ಮನಸಲ್ಲಿರೋದು ಹೇಳು."

ಅಕ್ಕಯ್ಯಮ್ಮ ಮಗನ ಮುಖ ನೋಡಿದಳು. "ಎಲ್ರೂ ಕೇಳಿಸ್ಕೋತಾರಾ?"

"ಎಲ್ರೂ."

ಈ ಸಲ ಪೌಡರ್ ಒತ್ತಲಿಲ್ಲ. ಬಿಳಿ ಹತ್ತಿಯ ಸೀರೆ ಸಾಕು ಅಂದರು. ಹಣೆಯ ಕಲೆ ಕಾಣುವ ಹಾಗೆ ಕಲಾ ಅವಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂರಿಸಿದಳು. ಸ್ಮೃತಿ ಕಾಲೇಜಿಗೆ ಹೋಗಿದ್ದಳು. ಮೋಹನ್ ಫೋನು ಎತ್ತಿ, "ಹೂಂ" ಅಂದ.

ಅಕ್ಕಯ್ಯಮ್ಮ ಫೋನಿಗೆ ಕೈ ಮುಗಿದಳು. ಆಮೇಲೆ ಮಾತಾಡಿದಳು. ಯಾರೂ ತಡೆಯಲಿಲ್ಲ.

"ನಮ್ ಯಜಮಾನ್ರು ಗೌರಿ ಹಬ್ಬಕ್ಕೆ ಮುಂಚೇನೇ ಹೋದ್ರು ಕಣಮ್ಮ. ಎದೆ ಉರಿ ಅಂದ್ರು. ಮಗ ಪಿಕಪ್ ಆಗ್ಲಿ ಅಂದ. ನಾನು ಆಟೋ ಕರಿತೀನಿ ಅಂದೆ, ಸೊಸೆ ಬೇಡ ಅಂದ್ಲು. ನಾನೂ ಸುಮ್ನೆ ಜೀರಿಗೆ ನೀರ್ ಕಾಯಿಸೋಕೆ ಹೋದೆ. ಅವ್ರು ಡಬ್ಬಗಳ ಮಧ್ಯ ಕೂತೇ ಪ್ರಾಣ ಬಿಟ್ರು. ಸೂತಕದಲ್ಲಿ ನಂಗೆ ಹೂ ಮುಡ್ಸಿ ಕೂರಿಸಿದ್ರು. ನಿಮ್ಗೆಲ್ಲ ಬಾಗಿನ ಹೋಗಿದ್ದು ಸತ್ತ ಮನೆಯಿಂದ. ನೀವು ತಿಳೀದೆ ತಗೊಂಡ್ರಿ, ನಿಮ್ ತಪ್ಪಿಲ್ಲ. ಒಂದ್ ದಿನ ಷಟರ್ ಮುಚ್ಚು ಅಂದೆ ತಾಯಿ. ಒಂದೇ ದಿನ. ಅದನ್ನೂ ಮುಚ್ಲಿಲ್ಲ."

ಅಷ್ಟರಲ್ಲಿ ಅಳು ಬಂತು. ಗಂಡ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ತೆಗೆದು, ಮತ್ತೆ ಏನೋ ಹೇಳಿ, ಮತ್ತೆ ಅತ್ತಳು. ಕಲಾ ಬಿಳಿಚಿಕೊಂಡು ಗಂಡನ ಕಡೆ ನೋಡಿದಳು. ಮೋಹನನ ಕೈ ಅಲುಗಲಿಲ್ಲ. ಅವಳ ಅಳು ನಿಲ್ಲುವ ತನಕ ಹಿಡಿದೇ ಇದ್ದ.

"ಆಯ್ತಮ್ಮ," ಅಂದ. "ಹೋಗಿ ಊಟ ಮಾಡು."

ಅವನು ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡ. ಅವತ್ತು ಅಕ್ಕಯ್ಯಮ್ಮ ಬಹಳ ದಿನದ ಮೇಲೆ ಒಂದು ಮುದ್ದೆ ಪೂರ್ತಿ ಉಂಡಳು. ಮೇಲೊಂದಿಷ್ಟು ಮಜ್ಜಿಗೆ ಅನ್ನ ಕಲಸಿಕೊಂಡಳು. ಮಧ್ಯಾಹ್ನ ಕೆಂಗೇರಿಗೆ ಫೋನು ಮಾಡಿ, "ಎಲ್ಲಾ ಹೇಳ್ಬಿಟ್ಟೆ ಕಣೇ ಗಂಗಾ. ಅವ್ನೇ ಹೇಳ್ಸಿದ. ಒಳಗೊಳಗೆ ಅವನ್ಗೂ ಸುಡ್ತಾ ಇತ್ತು ಅನ್ಸುತ್ತೆ. ಎಷ್ಟಾದ್ರೂ ಹೆತ್ತಪ್ಪ," ಅಂದಳು.

ಸಂಜೆ ಸ್ಮೃತಿ ಕಾಲೇಜಿನಿಂದ ಬಂದವಳು ಬ್ಯಾಗು ಇಳಿಸದೆ ಅಜ್ಜಿಯ ಮುಂದೆ ನಿಂತಳು.

"ಅಜ್ಜಿ, ವಿಡಿಯೋ ಬಂದಿದೆ. ನಿಂಗೆ ಬೇಡ ಬಿಡು."

"ಬೇಡ ಅಂದ್ರೇನು? ತೋರ್ಸು."

ಸ್ಮೃತಿ ಒಲ್ಲದ ಮನಸ್ಸಿನಿಂದ ಫೋನು ಚಾಚಿದಳು. ಕಿಟಕಿಯ ಬೆಳಕು. ಬಿಳಿ ಸೀರೆ. ಹಣೆಯ ಕಲೆ. ಅಕ್ಕಯ್ಯಮ್ಮ ಕೈ ಮುಗಿದಳು, ಬಾಯಿ ಆಡಿಸಿದಳು, ಸೆರಗು ಒತ್ತಿಕೊಂಡಳು, ಅತ್ತಳು. ಕೊಳಲು ನುಡಿಯುತ್ತಿತ್ತು. ಕೊನೆಯಲ್ಲಿ ಪಂಚೆ, ಟವಲು, ಎಳ್ಳಿನ ಡಬ್ಬ ಬಂದು ನಿಂತಿತು.

"ಸೌಂಡ್ ಕೊಡೇ. ನನ್ ಮಾತು ಕೇಳ್ತಿಲ್ಲ."

"ಇದೇ ಸೌಂಡ್ ಅಜ್ಜಿ. ಮ್ಯೂಸಿಕ್ ಹಾಕಿದಾರೆ."

"ಕೆಳಗೇನೋ ಬರ್ದವ್ರಲ್ಲ, ಅದ್ರಲ್ಲಿದೆಯಾ?"

ಸ್ಮೃತಿ ಓದಲೋ ಬೇಡವೋ ಅಂತ ತಡೆದು, ಓದಿದಳು. "'ಗೌರಿ ಹಬ್ಬ ಮುಗಿದ ಮೇಲೆ ನಮ್ಮ ತಾತ ನಮ್ಮನ್ನು ಅಗಲಿದರು. ಅಜ್ಜಿಯ ಕಣ್ಣೀರು ನಿಂತಿಲ್ಲ. ನಿಮ್ಮ ಹಿರಿಯರನ್ನು ಮರೆಯಬೇಡಿ. ಪಕ್ಷದ ಸೆಟ್ ಇಂದೇ ಕಾಯ್ದಿರಿಸಿ.'" ಆಮೇಲೆ ಮೆಲ್ಲಗೆ, "ಕೆಳಗೆ ಜನ ಎಲ್ಲ ಅಯ್ಯೋ ಅಂದಿದಾರೆ ಅಜ್ಜಿ. ತುಂಬಾ ಜನ. ಒಬ್ರು ಎರಡ್ ಸೆಟ್ ತಗೊಂಡ್ರಂತೆ," ಅಂದಳು.

ಅಕ್ಕಯ್ಯಮ್ಮ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟು, ಕಂಬಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಗೋಡೌನಿಗೆ ಹೋದಳು. ಹುಡುಗಿಯರು ಎಳ್ಳು ತೂಗುತ್ತಿದ್ದರು. ಕಲಾ ಫೋನಿನಲ್ಲಿ ಯಾರಿಗೋ, "ನಾಳೆ ಹೋಗುತ್ತೆ ಮೇಡಂ, ಗ್ಯಾರಂಟಿ" ಅನ್ನುತ್ತಿದ್ದಳು. ಮೋಹನ್ ಬೆನ್ನು ಹಾಕಿ ಕೂತು ಡಬ್ಬಕ್ಕೆ ಟೇಪು ಹಚ್ಚುತ್ತಿದ್ದ.

"ನನ್ ಮಾತೆಲ್ಲೋ ಮೋಹನಾ?"

ಅವನು ಟೇಪನ್ನು ಹಲ್ಲಿನಿಂದ ಕತ್ತರಿಸಿ, ಅಂಗೈಯಿಂದ ಒತ್ತಿ, ಡಬ್ಬವನ್ನು ಪಕ್ಕಕ್ಕೆ ಸರಿಸಿದ. ಇನ್ನೊಂದನ್ನು ಎಳೆದುಕೊಂಡ.

"ಚೆನ್ನಾಗಿ ಅತ್ತಿದೀಯಾ ಕಣಮ್ಮ," ಅಂದ. "ಮಾತು ಬೇಕೇ ಆಗ್ಲಿಲ್ಲ."